ಶೌಚಾಲಯ ಇದೆ, ಬಳಸುವವರು ಯಾರು?



2019ರ ಅಕ್ಟೋಬರ್ 2ರಂದು ನಮ್ಮ ದೇಶದ ಹಳ್ಳಿಗಳನ್ನು ಬಯಲು ಬಹಿರ್ದೆಸೆ ಮುಕ್ತ ಎಂದು ಘೋಷಿಸಲಾಯಿತು. ಎಷ್ಟೋ ಊರುಗಳ ಬಾಗಿಲಲ್ಲಿ ಬೋರ್ಡೂ ಇದೆ. ಆದರೆ ಸಂಘದ ಸಭೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಿದಾಗ ಬೇರೆಯೇ ಸಂಗತಿ ಹೊರಬರುತ್ತದೆ. ಶೌಚಾಲಯ ಇದೆ, ಒಳಗೆ ಸೌದೆ, ಬೆರಣಿ. ಗಂಡಸರು ಚೊಂಬು ಹಿಡಿದು ಹೊಲದ ಕಡೆ ಹೋಗ್ತಾರೆ. ಹೆಂಗಸರು ಕತ್ತಲಾಗಲಿ ಅಂತ ಕಾಯ್ತಾರೆ, ಹಗಲು ಹೋಗಬೇಕಾದೀತು ಅಂತ ನೀರು ಕುಡಿಯೋದನ್ನೇ ಕಡಿಮೆ ಮಾಡ್ತಾರೆ. ಉರಿಮೂತ್ರ, ಮಲಬದ್ಧತೆ ಬರದೆ ಇನ್ನೇನಾದೀತು?

ಸುಮಾರು 2000ನೇ ಇಸವಿಯಲ್ಲಿ ಬಾಂಗ್ಲಾದೇಶದ ರಾಜಶಾಹಿ ಜಿಲ್ಲೆಯ ಮೊಸ್ಮೊಯಿಲ್ ಎಂಬ ಹಳ್ಳಿಯಲ್ಲಿ ಕಮಲ್ ಕರ್ ಎಂಬ ಭಾರತೀಯ ತಜ್ಞರು ಹೊಸ ದಾರಿ ತೋರಿಸಿದರು. ಸಹಾಯಧನದ ಮಾತೇ ಇಲ್ಲ. ಜನರೇ ತಮ್ಮ ಊರನ್ನು ಸುತ್ತಿ ನೋಡಿ, ತಾವೇ ತೀರ್ಮಾನ ಮಾಡಬೇಕು. ಇದನ್ನು ನಾವೂ ಮಾಡಬಹುದು. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಿರಿ. ಮನೆ, ಬೋರ್‌ವೆಲ್, ಅಂಗನವಾಡಿ, ಕೆರೆ ಗುರುತಿಸಿ. ಜನ ಬಯಲಿಗೆ ಹೋಗುವ ಜಾಗಕ್ಕೆ ಹಳದಿ ಪುಡಿ ಹಾಕಿ. ಆಮೇಲೆ ಲೆಕ್ಕ: ಒಬ್ಬರಿಗೆ ದಿನಕ್ಕೆ ಕಾಲು ಕಿಲೋ ಎಂದು ಹಿಡಿದರೂ 400 ಜನ ಬಯಲಿಗೆ ಹೋದರೆ ದಿನಕ್ಕೆ 100 ಕಿಲೋ, ತಿಂಗಳಿಗೆ 30 ಕ್ವಿಂಟಾಲ್. ಮಳೆ ಬಂದರೆ ಅದೆಲ್ಲ ಎಲ್ಲಿಗೆ ಹರಿಯುತ್ತದೆ, ನೊಣ ಎಲ್ಲಿಂದ ಎದ್ದು ಯಾರ ತಟ್ಟೆಯ ಮೇಲೆ ಕೂರುತ್ತದೆ ಎಂದು ಕೇಳಿ. ಮಕ್ಕಳ ಮಲದಿಂದ ಏನೂ ಆಗಲ್ಲ ಅನ್ನುವುದೂ ತಪ್ಪು. ಅದನ್ನೂ ಶೌಚಾಲಯಕ್ಕೇ ಹಾಕಬೇಕು.

ಕೆಲವು ಕಡೆ ಬೆಳಗಿನ ಜಾವ ಸೀಟಿ ಊದಿ, ಹಾರ ಹಾಕಿ ನಾಚಿಕೆಪಡಿಸಿದ್ದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಹಾಗೆ ಸಿಕ್ಕಿಬೀಳುವವರು ಹೆಚ್ಚಾಗಿ ಜಾಗವಿಲ್ಲದವರು, ಮುದುಕರು, ನಮ್ಮಂಥ ಹೆಂಗಸರು.

ಇದ್ದ ಶೌಚಾಲಯ ಬಳಸದಿರಲು ದೊಡ್ಡ ಕಾರಣ "ಗುಂಡಿ ತುಂಬಿದರೆ ಯಾರು ತೆಗೀತಾರೆ?" ಎಂಬ ಭಯ. ಇದರ ಹಿಂದೆ ಜಾತಿಯ ವಿಷಯವೂ ಇದೆ, ಮುಚ್ಚಿಡುವುದು ಬೇಡ. ಮಲವನ್ನು ಮನುಷ್ಯರ ಕೈಯಿಂದ ಬಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಇದಕ್ಕೆ ಪರಿಹಾರ ಜೋಡಿ ಗುಂಡಿ. ಸುಮಾರು 3 ಅಡಿ ಅಗಲ, 4 ಅಡಿ ಆಳದ ಎರಡು ಗುಂಡಿ, ನಡುವೆ ಕನಿಷ್ಠ 1 ಮೀಟರ್ ಅಂತರ. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಬೇಕು, ತಳಕ್ಕೆ ಸಿಮೆಂಟ್ ಹಾಕಬಾರದು. "ಇದು ಗಟ್ಟಿಯಾಗಲ್ಲಮ್ಮ" ಎಂದು ಮೇಸ್ತ್ರಿ ಹೇಳಿಯಾನು, ಕೇಳಬೇಡಿ! ನೀರು ಮಣ್ಣಿಗೆ ಇಳಿದು ಹೋಗಲೆಂದೇ ಕಿಂಡಿ. ಕುಡಿಯುವ ನೀರಿನ ಬಾವಿಯಿಂದ 10 ಮೀಟರ್‌ಗಿಂತ ದೂರ ಇರಲಿ. ಸ್ನಾನದ ನೀರು ಇದಕ್ಕೆ ಬಿಡಬೇಡಿ. ಒಂದು ಸಲಕ್ಕೆ ಒಂದೇ ಗುಂಡಿ ಬಳಕೆ. ಐದಾರು ಜನರ ಮನೆಗೆ ಅದು ತುಂಬಲು ಸುಮಾರು 5 ವರ್ಷ ಬೇಕು. ತುಂಬಿದ ಮೇಲೆ ಪೈಪಿನ ದಾರಿಯನ್ನು ಇನ್ನೊಂದು ಗುಂಡಿಗೆ ತಿರುಗಿಸಿ, ಮೊದಲನೆಯದನ್ನು 2 ವರ್ಷ ಮುಚ್ಚಿಡಿ. ಆಮೇಲೆ ತೆಗೆದರೆ ವಾಸನೆಯಿಲ್ಲದ ಒಣ ಗೊಬ್ಬರ. ಮನೆಯವರೇ ತೆಗೆದು ತೋಟಕ್ಕೆ ಹಾಕಬಹುದು.

ಇನ್ನು ದುಡ್ಡಿನ ಮಾತು. 2014ರ ಸ್ವಚ್ಛ ಭಾರತ್ ಮಿಷನ್‌ನಲ್ಲಿ ಅರ್ಹ ಕುಟುಂಬಕ್ಕೆ 12,000 ರೂ. ಪ್ರೋತ್ಸಾಹಧನ ನಿಗದಿಯಾಯಿತು. ಈಗಿನ ನಿಯಮವನ್ನು ಪಂಚಾಯ್ತಿಯಲ್ಲಿ ಪಿಡಿಓ ಬಳಿ ಕೇಳಿ. ಇಂಥ ಹಣ ಸಾಮಾನ್ಯವಾಗಿ ಕಟ್ಟಿದ ಮೇಲೆ ಬರುವುದರಿಂದ ಬಡವರು ಶುರುವನ್ನೇ ಮಾಡಲ್ಲ. ಇಲ್ಲಿ ಸಂಘದ ಒಳಸಾಲ ಕೆಲಸಕ್ಕೆ ಬರುತ್ತದೆ. ಮುಂದಿನ ಸಭೆಯಲ್ಲಿ ಮೊದಲು ವಿಧವೆಯರ, ಅಂಗವಿಕಲರ ಮನೆಗಳ ಪಟ್ಟಿ ಮಾಡಿ. ಗುಂಡಿ ಬದಲಿಸಿದ ತಾರೀಕನ್ನು ಆಯಾ ಮನೆಯವರು ಶೌಚಾಲಯದ ಗೋಡೆಯ ಮೇಲೇ ಪೇಂಟಿನಲ್ಲಿ ಬರೆದಿಡಲಿ.