ಮೂರೋ ಎಂಟೋ

ಬೆಂಗಳೂರಿನ ವಿಜಯನಗರ, ರಾಜಾಜಿನಗರದ ಹಳೇ ಮನೆಗಳ ಬೀರುಗಳಲ್ಲಿ ಎಷ್ಟು ಪಿಸ್ತೂಲುಗಳಿವೆ ಅಂತ ಪಕ್ಕದ ಮನೆಯವರಿಗೂ ಗೊತ್ತಿರುವುದಿಲ್ಲ. ಮಲೆನಾಡಿನಿಂದ ಬಂದು ಸೈಟು ಕೊಂಡ ಕಾಫಿ ತೋಟದವರು, ನಿವೃತ್ತ ಮಿಲಿಟರಿಯವರು, ಚಿನ್ನ ಬೆಳ್ಳಿ ವ್ಯಾಪಾರದವರು ಇಟ್ಟುಕೊಂಡವು. ಅವುಗಳಲ್ಲಿ ಕೆಲವು ಹೊರಬಂದದ್ದು 2019ರ ಡಿಸೆಂಬರ್ ತಿಂಗಳ ನಂತರ. ಶಸ್ತ್ರಾಸ್ತ್ರ ಕಾಯ್ದೆಗೆ ತಿದ್ದುಪಡಿ ಬಂದು, ಒಬ್ಬರು ಮೂರು ಬಂದೂಕು ಇಟ್ಟುಕೊಳ್ಳಬಹುದು ಅನ್ನುವುದು ಎರಡಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕಿತ್ತು, ಇಲ್ಲವೇ ಕ್ರಮಬದ್ಧವಾಗಿ ಮಾರಿಕೊಳ್ಳಬೇಕಿತ್ತು. ನನಗೆ ಪಿಸ್ತೂಲು ಮಾರಿದ ಯಜಮಾನರ ಹತ್ತಿರ ಒಂದು ಜೋಡು ನಳಿಗೆ ಕೋವಿ, ಒಂದು ರೈಫಲ್, ಒಂದು ವೆಬ್ಲಿ ಪಿಸ್ತೂಲು ಇದ್ದವು. ಕೋವಿ ತೋಟಕ್ಕೆ ಬೇಕು, ರೈಫಲ್ ಅಪ್ಪನದು. ಉಳಿದದ್ದು ವೆಬ್ಲಿ.

ರಾಜಾಜಿನಗರದ ಇಂಡಸ್ಟ್ರಿಯಲ್ ಟೌನ್‌ನಲ್ಲಿ ನನ್ನದೊಂದು ಸಣ್ಣ ಟೂಲ್‌ರೂಮ್. ಶನಿವಾರದ ಬಟವಾಡೆ ಪೂರ್ತಿ ನಗದಿನಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಲೈಸೆನ್ಸ್ ತೆಗೆದುಕೊಂಡವನು ನಾನು. ಈಗ ಸಂಬಳ ಬ್ಯಾಂಕಿಗೆ ಹೋಗುತ್ತದೆ, ಟೀ ಅಂಗಡಿಯವನಿಗೂ ಫೋನಿನಲ್ಲೇ ದುಡ್ಡು. ಆದರೂ ನವೀಕರಣದ ಅರ್ಜಿಯಲ್ಲಿ ‘ಆತ್ಮರಕ್ಷಣೆ’ ಎಂದೇ ಬರೆಯುತ್ತೇನೆ. ನಿಜ ಹೇಳಬೇಕೆಂದರೆ ನನ್ನನ್ನು ಎಳೆದದ್ದು ಕಬ್ಬಿಣದ ಕೆಲಸ.

ನಮ್ಮ ದೇಶದಲ್ಲಿ ಹಳೇ ವಿದೇಶಿ ಪಿಸ್ತೂಲಿಗೆ ಯಾಕೆ ಅಷ್ಟು ಬೆಲೆ ಅಂತ ಹೊಸಬರು ಕೇಳುತ್ತಾರೆ. ಅದರ ಗುಣಕ್ಕಂತೂ ಅಲ್ಲ. 1980ರ ದಶಕದ ನಡುವಿನಲ್ಲಿ ಖಾಸಗಿಯವರು ಬಂದೂಕು ಆಮದು ಮಾಡಿಕೊಳ್ಳುವುದು ನಿಂತುಹೋಯಿತು. ಅಂದಿನಿಂದ ದೇಶದೊಳಗೆ ಇದ್ದದ್ದೇ ಕೈಯಿಂದ ಕೈಗೆ ತಿರುಗುತ್ತಿದೆ. ಇನ್ನು ಸೇನೆ, ಪೊಲೀಸರು ಬಳಸುವ 9 ಎಂಎಂ, ಪಾಯಿಂಟ್ 38, ಪಾಯಿಂಟ್ 45 ಇವೆಲ್ಲ ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸಿನವನಿಗೆ ಪಿಸ್ತೂಲೆಂದರೆ ಬಹುಮಟ್ಟಿಗೆ ಪಾಯಿಂಟ್ 32, ಅಂದರೆ 7.65 ಎಂಎಂ. ಯುರೋಪಿನಲ್ಲಿ ಬಡಪಾಯಿ ಪಿಸ್ತೂಲು ಎನಿಸಿಕೊಂಡದ್ದು ಇಲ್ಲಿ ಕೆಲವು ಲಕ್ಷಕ್ಕೆ ಹೋಗುವುದು ಈ ಎರಡು ಕಾರಣಕ್ಕೆ.

ಯಜಮಾನರ ಪಿಸ್ತೂಲು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೆಯ ಮಾದರಿ, ಎಂಟು ತೋಟಾದ ಮ್ಯಾಗಜೀನಿನದು. 1911ರ ಜನವರಿಯಲ್ಲಿ ಲಂಡನ್ನಿನ ಸಿಡ್ನಿ ಸ್ಟ್ರೀಟ್‌ನಲ್ಲಿ ಪೊಲೀಸರಿಗೂ ಬಂದೂಕುಧಾರಿಗಳಿಗೂ ದೊಡ್ಡ ಗುಂಡಿನ ಕಾಳಗ ನಡೆಯಿತು. ಅದಾದ ಮೇಲೆ ಅಲ್ಲಿನ ಮೆಟ್ರೊಪಾಲಿಟನ್ ಪೊಲೀಸರು ಆರಿಸಿಕೊಂಡದ್ದು ಇದೇ ಜಾತಿಯ ಪಿಸ್ತೂಲನ್ನು. ನೋಡಲು ಚಂದವಿಲ್ಲ. ಹಿಡಿ ನಳಿಗೆಗೆ ಹೆಚ್ಚುಕಮ್ಮಿ ಲಂಬಕೋನದಲ್ಲಿ ನಿಂತಿದೆ, ಮೂಲೆಮಟ್ಟದ ಹಾಗೆ. ಆದರೆ ಟ್ರಿಗರ್ ಗಾರ್ಡನ್ನು ಮುಂದಕ್ಕೆ ಎಳೆದರೆ ಸ್ಲೈಡ್ ಕಳಚಿ ಬರುವ ಆ ಜೋಡಣೆ ಇದೆಯಲ್ಲ, ಫೈಲ್ ಹಿಡಿದ ಯಾವ ಫಿಟ್ಟರನೂ ಅದಕ್ಕೆ ತಲೆಬಾಗುತ್ತಾನೆ.

ಹಳೇ ಪಿಸ್ತೂಲು ನೋಡುವವರು ಮೊದಲು ಹೊರಗಿನ ಬಣ್ಣ ನೋಡುತ್ತಾರೆ. ಬಣ್ಣವನ್ನು ಯಾರು ಬೇಕಾದರೂ ಮತ್ತೆ ಹಾಕಬಹುದು. ನಾನು ಹೇಳುವುದು ಹೀಗೆ: ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಎಳೆಯಿರಿ, ಚೇಂಬರಿನೊಳಗೆ ಕಣ್ಣು ಹಾಯಿಸಿ, ಬೆರಳನ್ನೂ ಹಾಕಿ ನೋಡಿ. ಈ ಕ್ರಮ ಹಿಂದುಮುಂದಾದರೆ, ಸ್ಲೈಡ್ ಎಳೆದು ಬಿಟ್ಟಾಗ ಮ್ಯಾಗಜೀನಿನಿಂದ ಇನ್ನೊಂದು ತೋಟಾ ಒಳಗೆ ಹೋಗಿ ಕೂರುತ್ತದೆ. ಖಾಲಿ ಎಂದುಕೊಂಡ ಪಿಸ್ತೂಲಿನಿಂದ ಗುಂಡು ಹಾರಿತೆಂಬ ಸುದ್ದಿಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಆಮೇಲೆ ನಳಿಗೆಯ ಒಳಗೋಡೆಯ ತಿರುಪು ಗೆರೆಗಳು ಎದ್ದು ಕಾಣುತ್ತವೆಯೇ, ಗುಳಿ ಬಿದ್ದಿದೆಯೇ ನೋಡಬೇಕು. ಬೆಂಗಳೂರಿನ ಮಳೆಗಾಲಕ್ಕಿಂತ ಪಿಸ್ತೂಲನ್ನು ಹೆಚ್ಚು ತಿಂದಿರುವುದು ಚರ್ಮದ ಚೀಲ. ಹದ ಮಾಡಿದ ಚರ್ಮದಲ್ಲಿ ಉಳಿದ ಉಪ್ಪು, ಅದು ಹೀರಿಕೊಂಡ ತೇವ ಎರಡೂ ಸೇರಿ ಒಂದೇ ಪಕ್ಕ ತುಕ್ಕು ಹಿಡಿಸುತ್ತವೆ. ಯಜಮಾನರದು ಬಲಗಡೆ ಹಾಗೇ ಆಗಿತ್ತು.

ಮ್ಯಾಗಜೀನ್ ಇನ್ನೊಂದು ಕಥೆ. ಪಾಯಿಂಟ್ 32 ತೋಟಾದ ಬುಡದಲ್ಲಿ ಸಣ್ಣದೊಂದು ಅಂಚು ಹೊರಚಾಚಿರುತ್ತದೆ. ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು, ಸ್ಲೈಡ್ ಎಷ್ಟು ತಳ್ಳಿದರೂ ಅದು ಮುಂದೆ ಹೋಗುವುದಿಲ್ಲ. ತುಂಬುವಾಗ ಪ್ರತಿ ತೋಟಾವನ್ನೂ ಕೆಳಗಿನದಕ್ಕಿಂತ ಕೂದಲೆಳೆಯಷ್ಟು ಮುಂದಕ್ಕೆ ಇಡಬೇಕು. ಕೆಂಗೇರಿ ಉಪನಗರದಲ್ಲಿರುವ ನನ್ನ ಸ್ನೇಹಿತನ ಹತ್ತಿರ ಇಛಾಪುರ ರೈಫಲ್ ಫ್ಯಾಕ್ಟರಿಯ ‘ಅಶನಿ’ ಇದೆ, ಇದೇ ಪಾಯಿಂಟ್ 32. ಅದು ಕೆಟ್ಟರೆ ಕೇಳಲು ಫ್ಯಾಕ್ಟರಿಯಾದರೂ ಇದೆ. ವೆಬ್ಲಿಯ ಇನ್ನೊಂದು ಮ್ಯಾಗಜೀನಿಗೆ ಡೀಲರ್ ಮುಗುಳ್ನಕ್ಕರು, ಅಷ್ಟೇ. ತೋಟಾಕ್ಕೆ ಮಾತ್ರ ತೊಂದರೆಯಿಲ್ಲ. ಪುಣೆಯ ಖಡ್ಕಿಯಲ್ಲಿ ತಯಾರಾಗುವ ‘ಕೆಎಫ್’ ತೋಟಾ ಎರಡಕ್ಕೂ ಆಗುತ್ತದೆ, ಲೈಸೆನ್ಸ್ ಪುಸ್ತಕದಲ್ಲಿ ಬರೆದಷ್ಟು ಸಿಗುತ್ತದೆ.

ಇಷ್ಟೆಲ್ಲ ಒಂದು ಮಧ್ಯಾಹ್ನದ ಕೆಲಸ. ವರ್ಷ ಹಿಡಿದದ್ದು ಕಾಗದ.

ಲೈಸೆನ್ಸ್ ಇರುವ ಇಬ್ಬರ ನಡುವೆ ಮಾರಾಟ ಆಗುವಾಗ, ಮಾರುವವರು ಕೊಳ್ಳುವವರ ಹೆಸರು ವಿಳಾಸ ಕೊಟ್ಟು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು ಎಂದು 1959ರ ಕಾಯ್ದೆಯ ಐದನೇ ಕಲಂ ಹೇಳುತ್ತದೆ. ಆ ಕಾಗದಕ್ಕೆ ಪಿಸ್ತೂಲಿನ ನಂಬರ್ ಬೇಕು. ಯಜಮಾನರು ತಮ್ಮ ಲೈಸೆನ್ಸ್ ಪುಸ್ತಕ ನೋಡಿ ಓದಿದರು, ನಾನು ಪಿಸ್ತೂಲಿನ ಮೇಲೆ ಬೆರಳಿಟ್ಟು ಹೊಂದಿಸುತ್ತಾ ಹೋದೆ. ಕೊನೆಯಿಂದ ಎರಡನೇ ಅಂಕಿ ಹೊಂದಲಿಲ್ಲ. ಪುಸ್ತಕದಲ್ಲಿ ಎಂಟು. ಕಬ್ಬಿಣದ ಮೇಲೆ ಮೂರೋ ಎಂಟೋ ಹೇಳುವುದು ಕಷ್ಟ, ಅಲ್ಲಿ ತುಕ್ಕು ಉಜ್ಜಿ ಸವೆದಿತ್ತು. ನಮ್ಮ ಶಾಪಿನಲ್ಲಿ ಸವೆದ ಪಂಚ್ ಗುರುತು ಓದುವುದಕ್ಕೆ ಒಂದು ಉಪಾಯವಿದೆ. ಸೀಮೆಸುಣ್ಣವನ್ನು ಅಡ್ಡಡ್ಡ ಉಜ್ಜಿ, ಒಣಬಟ್ಟೆಯಿಂದ ಮೇಲಿನ ಪುಡಿ ಒರೆಸಿ, ಟಾರ್ಚನ್ನು ಪಕ್ಕದಿಂದ ಹಿಡಿಯುವುದು. ಸುಣ್ಣ ತಗ್ಗಿನಲ್ಲಿ ಉಳಿಯುತ್ತದೆ. ಊಟದ ಮೇಜಿನ ಮೇಲೆ ಹಾಗೆ ಮಾಡಿದಾಗ ಬಿಳಿ ಗೆರೆಯಲ್ಲಿ ಮೂರು ಎದ್ದುಬಂತು. ಎಡಗಡೆ ಬಾಯಿ ತೆರೆದ, ಅಪ್ಪಟ ಮೂರು.

ಯಜಮಾನರ ತಂದೆಯ ಕಾಲದ ಪುಸ್ತಕ ಟ್ರಂಕಿನಲ್ಲಿತ್ತು. ಅದರಲ್ಲೂ ಮೂರೇ. ಆಮೇಲೆ ಎಂದೋ ಬೇರೊಂದು ಜಿಲ್ಲೆಯಲ್ಲಿ ಪುಸ್ತಕ ಬದಲಾಯಿಸುವಾಗ ಯಾರದೋ ಪೆನ್ನು ಮೂರಿನ ಬಾಯಿ ಮುಚ್ಚಿತ್ತು. ಪ್ರತಿ ನವೀಕರಣದಲ್ಲೂ ಎಂಟನ್ನೇ ನಕಲು ಮಾಡಿದರು. ದೇಶದ ಎಲ್ಲ ಲೈಸೆನ್ಸುಗಳನ್ನು ಕಂಪ್ಯೂಟರಿಗೆ ಏರಿಸಿ ಪ್ರತಿಯೊಂದಕ್ಕೂ ಯುಐಎನ್ ಎಂಬ ಗುರುತಿನ ಸಂಖ್ಯೆ ಕೊಟ್ಟಾಗ ಆ ಎಂಟು ರಾಷ್ಟ್ರೀಯ ದತ್ತಾಂಶಕ್ಕೂ ಹೋಗಿ ಕೂತಿತು. ತಮಾಷೆಯಂತೆ ಕಂಡರೂ ತಮಾಷೆಯಲ್ಲ. ಪುಸ್ತಕದಲ್ಲಿ ಇಲ್ಲದ ನಂಬರಿನ ಪಿಸ್ತೂಲು ಮನೆಯಲ್ಲಿದ್ದರೆ ಕಾನೂನಿನ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದ ಪಿಸ್ತೂಲು. ಎಂಬತ್ತು ದಾಟಿದ ಆ ಮನುಷ್ಯ ದಶಕಗಟ್ಟಲೆ ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದು ಅದರ ಪಕ್ಕದಲ್ಲಿ.

ಅಫಿಡವಿಟ್, ಹಳೇ ಪುಸ್ತಕದ ದೃಢೀಕೃತ ನಕಲು, ಪಿಸ್ತೂಲನ್ನು ಹಾಜರುಪಡಿಸಿ ಪರಿಶೀಲನೆ, ತಿದ್ದುಪಡಿ. ನಡುವೆ ಕೋವಿಡ್ ಬಂದು ಎಲ್ಲ ಬಾಗಿಲು ಮುಚ್ಚಿತು. ಪಿಸ್ತೂಲು ಡೀಲರ್ ಬಳಿ ಠೇವಣಿಯಾಗಿ ಕೂತಿತು. ಇದರಿಂದ ನಾನು ಕಲಿತದ್ದು ಹೀಗಿದೆ: ಮುಂಗಡ ಕೊಡುವ ಮೊದಲು ಫ್ರೇಮು, ಸ್ಲೈಡು, ನಳಿಗೆ, ಲೈಸೆನ್ಸ್ ಪುಸ್ತಕ, ಕಂಪ್ಯೂಟರ್ ದಾಖಲೆ ಇಷ್ಟನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು ನೋಡಬೇಕು. ಯಾರ ಬಾಯಿಮಾತಿನಲ್ಲೂ ನಂಬರ್ ಬರೆದುಕೊಳ್ಳಬಾರದು. ಫೋಟೋ ನಂಬುವುದೂ ಬೇಡ, ಸುಣ್ಣ ಹಚ್ಚಿ ನೋಡಿ.

ಒಡೆತನ ಬಂದ ಮೇಲೆ ಅದರ ಕೆಲಸ ಬೇರೆ. ಸಾರ್ವಜನಿಕ ಜಾಗದಲ್ಲಿ ಪಿಸ್ತೂಲು ಹೋಲ್‌ಸ್ಟರಿನಲ್ಲಿದ್ದು ಪೂರ್ತಿ ಮುಚ್ಚಿರಬೇಕು ಎಂದು 2016ರ ನಿಯಮಗಳಿವೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಇದು ಸರಿಯಾದದ್ದೇ. ಹಳೇ ಪಿಸ್ತೂಲುಗಳಲ್ಲಿ ಹೆಚ್ಚಿನವಕ್ಕೆ, ಕೆಳಗೆ ಬಿದ್ದಾಗ ಫೈರಿಂಗ್ ಪಿನ್ ತಡೆಯುವ ಇಂದಿನ ವ್ಯವಸ್ಥೆ ಇಲ್ಲ. ಹಾಗಾಗಿ ಚೇಂಬರಿನಲ್ಲಿ ತೋಟಾ ಇಟ್ಟು ಓಡಾಡುವುದು ನನ್ನ ಮಟ್ಟಿಗೆ ಹುಚ್ಚುತನ. ನನ್ನದು ಬೀರುವಿನೊಳಗಿನ ಉಕ್ಕಿನ ಪೆಟ್ಟಿಗೆಯಲ್ಲಿ, ಮ್ಯಾಗಜೀನ್ ಬೇರೆ ಕಡೆ.

ಆಯುಧ ಪೂಜೆಯ ದಿನ ಲೇತ್, ಮಿಲ್ಲಿಂಗ್ ಮೆಷೀನ್, ಸ್ಕೂಟರ್ ಜೊತೆಗೆ ಅದೂ ಹೊರಬರುತ್ತದೆ. ಮನೆಯಾಕೆ ಅರಿಶಿನ ಕುಂಕುಮ ಕಲಸಿ ಬೊಟ್ಟು ಇಟ್ಟದ್ದು ಸ್ಲೈಡಿನ ಸಂದಿಯೊಳಗೆ ಇಳಿದು, ದಸರಾ ಮುಗಿಯುವಷ್ಟರಲ್ಲಿ ಕಿತ್ತಳೆ ಬಣ್ಣದ ಅಂಟಾಗಿತ್ತು. ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಲು ಅರ್ಧ ಸಂಜೆ ಹೋಯಿತು. ಈಗ ಬೊಟ್ಟು ಪೆಟ್ಟಿಗೆಯ ಮುಚ್ಚಳಕ್ಕೆ. ದೇವಿಯೂ ಒಪ್ಪಿದ್ದಾಳೆ ಅಂತ ಆಕೆ ಹೇಳುತ್ತಾಳೆ.

ಚುನಾವಣೆ ಬಂತೆಂದರೆ ಪಿಸ್ತೂಲು ಠಾಣೆಯಲ್ಲಿ ಠೇವಣಿ. ಯಾರು ಒಪ್ಪಿಸಬೇಕು, ಯಾರಿಗೆ ವಿನಾಯಿತಿ ಎಂದು ತೀರ್ಮಾನಿಸಲು ಪರಿಶೀಲನಾ ಸಮಿತಿ ಇರುತ್ತದೆ. ಬಟ್ಟೆಯ ಚೀಲಕ್ಕೆ ಹಾಕಿ, ನಳಿಗೆಯೊಳಗೆ ಎಣ್ಣೆ ಹಚ್ಚಿ, ರಸೀದಿಯಲ್ಲಿ ನಂಬರನ್ನು ನಾನೇ ಗಟ್ಟಿಯಾಗಿ ಓದಿ ಬರೆಸುತ್ತೇನೆ. 2023ರ ವಿಧಾನಸಭೆಗೆ ಒಮ್ಮೆ, 2024ರ ಲೋಕಸಭೆಗೆ ಇನ್ನೊಮ್ಮೆ. ಬರೆಯುವ ಪೇದೆ ಮೂರನ್ನು ಬರೆಯುವಾಗ ನನ್ನ ಕಣ್ಣು ಪೆನ್ನಿನ ತುದಿಯಲ್ಲೇ ಇರುತ್ತದೆ.

ಇಷ್ಟಾದರೂ ನನಗೆ ಬೇಜಾರಾಗುವ ವಿಷಯ ಒಂದೇ. ಈಗಿನ ಪಿಸ್ತೂಲುಗಳಲ್ಲಿ ಸುರುಳಿ ಸ್ಪ್ರಿಂಗ್ ಇದ್ದರೆ, ವೆಬ್ಲಿಯಲ್ಲಿ ಸ್ಲೈಡನ್ನು ಮತ್ತೆ ಮುಂದಕ್ಕೆ ತರುವುದು ಬಲಗಡೆ ಹಿಡಿಯ ತಟ್ಟೆಯ ಕೆಳಗೆ ಅಡಗಿರುವ, ಕವೆಯಾಕಾರದ ಒಂದು ಚಪ್ಪಟೆ ಸ್ಪ್ರಿಂಗ್. ನನ್ನದು ಸೋತಿದೆ. ಸ್ಲೈಡ್ ಕೊನೆಯ ಕಾಲಿಂಚು ಸೋಮಾರಿಯಾಗಿ ಮುಚ್ಚುತ್ತದೆ. ನನ್ನ ಶಾಪಿನಲ್ಲಿ ಸ್ಪ್ರಿಂಗ್ ಸ್ಟೀಲ್ ಇದೆ, ವೈರ್‌ಕಟ್ ಇದೆ, ಟೆಂಪರ್ ಮಾಡಲು ಕುಲುಮೆ ಇದೆ, ಇದಕ್ಕಿಂತ ಹತ್ತು ಪಟ್ಟು ನಾಜೂಕಿನದನ್ನು ದಿನವೂ ಕಳಿಸುತ್ತೇವೆ. ಆದರೆ ಬಂದೂಕಿನ ಬಿಡಿಭಾಗವೂ ಕಾಯ್ದೆಯ ಲೆಕ್ಕದಲ್ಲಿ ಬಂದೂಕೇ. ಅದನ್ನು ಮಾಡಲು, ರಿಪೇರಿ ಮಾಡಲು ಬೇರೆ ಲೈಸೆನ್ಸ್ ಬೇಕು, ನನಗಿಲ್ಲ. ಹುಡುಗರು ಒಂದು ಗಂಟೆಯಲ್ಲಿ ಮಾಡಿಕೊಡುತ್ತೇವೆ ಸಾರ್ ಅಂದಾಗ ಡ್ರಾಯಿಂಗ್ ಹಾಳೆಯನ್ನು ಹರಿದು ಹಾಕಿದೆ. ಈಗ ಪಿಸ್ತೂಲು, ಆ ಲೈಸೆನ್ಸ್ ಇರುವ ಹಿರಿಯ ಕಮ್ಮಾರರೊಬ್ಬರ ಸರದಿಯಲ್ಲಿದೆ. ಅವರು ಕೈಯಿಂದಲೇ ಬಡಿದು, ಕಣ್ಣಳತೆಯಲ್ಲೇ ಬಣ್ಣ ನೋಡಿ ಟೆಂಪರ್ ಕೊಡುವವರು. ಮುಂದಿನ ತಿಂಗಳು ಬಾ ಅಂದಿದ್ದಾರೆ. ಈ ಮಾತನ್ನು ಹೋದ ತಿಂಗಳೂ ಅಂದಿದ್ದರು.