ಇಳಿದ ಬೆಲೆಯ ಲೆಕ್ಕದಲ್ಲಿ ವೈದ್ಯಕೀಯ ಸೀಟು

ಕಾಫಿಗೆ ಒಳ್ಳೆಯ ಬೆಲೆ ಬಂದ ವರ್ಷ ಮಕ್ಕಳ ವಿದ್ಯಾಭ್ಯಾಸದ ವಿಷಯವಾಗಿ ಕೊಡಗಿನ ಹಿರಿಯರು ಕೈಗೊಳ್ಳುವ ನಿರ್ಣಯಗಳು ಒಂದು ತೆರನಾಗಿಯೂ, ಬೆಲೆ ಬಿದ್ದ ವರ್ಷ ಕೈಗೊಳ್ಳುವವು ಮತ್ತೊಂದು ತೆರನಾಗಿಯೂ ಇರುತ್ತವೆಂಬುದನ್ನು ನಾನು ಬಹುಕಾಲದಿಂದ ಕಾಣುತ್ತ ಬಂದಿದ್ದೇನೆ. ವೈದ್ಯಶಿಕ್ಷಣದ ಸಾಲವಾದರೋ ಒಳ್ಳೆಯ ವರ್ಷದಲ್ಲಿ ಬರೆದುಕೊಟ್ಟು ಕೆಟ್ಟ ವರ್ಷಗಳಲ್ಲಿಯೂ ತೀರಿಸಬೇಕಾದ ಋಣವಾದುದರಿಂದ, ಕಡಿಮೆ ಅಂಕ ಪಡೆದ ಮಗುವಿನಿಂದ ಅರ್ಜಿ ಹಾಕಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ಇಳಿದ ಬೆಲೆಯ ಲೆಕ್ಕದಲ್ಲಿಯೇ ಇತ್ಯರ್ಥಪಡಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

2024ರಲ್ಲಿ ನಮ್ಮ ಅಣ್ಣನ ಮಗಳು ನೀಟ್ ಪರೀಕ್ಷೆ ಬರೆದಳು. 720ಕ್ಕೆ ಆಕೆ ಪಡೆದ ಅಂಕಗಳು ಸರ್ಕಾರಿ ಸೀಟಿಗೆ ಬಹುದೂರವಾಗಿಯೂ, ಕೊನೆಯ ಸುತ್ತುಗಳವರೆಗೆ ಕಾದರೆ ಯಾವುದಾದರೊಂದು ಖಾಸಗಿ ಕಾಲೇಜಿನಲ್ಲಿ ದುಬಾರಿ ಸೀಟು ಸಿಕ್ಕೀತೋ ಏನೋ ಎನ್ನುವಷ್ಟು ಆಶೆ ಹುಟ್ಟಿಸುವಂತೆಯೂ ಇದ್ದುವು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: "ಕ್ವಾಲಿಫೈ ಆಗಿದ್ದಾಳಲ್ಲ!" ಆ ವರ್ಷ ಸಾಮಾನ್ಯ ವರ್ಗದವರ ಅರ್ಹತಾ ಅಂಕ 162, ಅದಕ್ಕೆ ಎರಡು ವರ್ಷ ಮೊದಲು, 2022ರಲ್ಲಿ, ಕೇವಲ 117. 2024ರಲ್ಲಿ ಅರ್ಹರಾದವರು 13 ಲಕ್ಷಕ್ಕೂ ಮಿಕ್ಕಿದ್ದರೆ ದೇಶದ ಎಂಬಿಬಿಎಸ್ ಸೀಟುಗಳು 1 ಲಕ್ಷಕ್ಕಿಂತ ಸ್ವಲ್ಪವೇ ಹೆಚ್ಚು. ಅರ್ಹತೆಯೆಂಬುದು ಸೀಟಿನ ಭರವಸೆಯಲ್ಲ, ಹಣವಿದ್ದರೆ ಸೀಟನ್ನು ಅರಸಬಹುದೆಂಬ ಅನುಮತಿಮಾತ್ರವೆಂಬುದನ್ನು ತಂದೆತಾಯಿಗಳಿಗೆ ಯಾರೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲವಾದುದರಿಂದ ನಾನಿಲ್ಲಿ ಹೇಳುತ್ತಿದ್ದೇನೆ.

ಆಗ ನಮ್ಮ ರಾಜ್ಯದ ಸರ್ಕಾರಿ ಕಾಲೇಜಿನಲ್ಲಿ ವರ್ಷದ ಶುಲ್ಕ 60 ಸಾವಿರದ ಆಸುಪಾಸಿನಲ್ಲಿತ್ತು. 2016ರಿಂದ ನಮ್ಮ ಮಡಿಕೇರಿಯಲ್ಲಿಯೇ ನಡೆಯುತ್ತಿರುವ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ 150 ಸೀಟುಗಳಲ್ಲೊಂದು ಸಿಕ್ಕಿದ್ದರೆ ಈ ಅಂಕಣವನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾಕ್ಕೆ 10-12 ಲಕ್ಷ. ಮ್ಯಾನೇಜ್‌ಮೆಂಟ್ ಸೀಟಿನ ಮಾತನ್ನಂತೂ ನಾವು ಎತ್ತಲೇ ಇಲ್ಲ. ಖಾಸಗಿ ಕೋಟಾದಲ್ಲಿ ವರ್ಷಕ್ಕೆ 12 ಲಕ್ಷದಂತೆ ನಾಲ್ಕೂವರೆ ವರ್ಷಕ್ಕೆ 54 ಲಕ್ಷ. ಹಾಸ್ಟೆಲು, ಪುಸ್ತಕಗಳು ಬೇರೆ.

ಒಂದು ಸಂಜೆ ಅಣ್ಣನೂ ನಾನೂ ಮೇಜಿನ ಮೇಲೆ ತೋಟದ ಲೆಕ್ಕದ ಪುಸ್ತಕವನ್ನು ತೆರೆದುಕೊಂಡು ಕುಳಿತೆವು. ಆ ವರ್ಷ ರೊಬಸ್ಟಾ ಚೆರಿಯ ಬೆಲೆ 50 ಕಿಲೋ ಚೀಲಕ್ಕೆ 10 ಸಾವಿರವನ್ನು ಮುಟ್ಟಿತ್ತು. "ಬೆಲೆ ಹೀಗೇ ನಿಂತರೆ ಸಾಲ ಏನು ದೊಡ್ಡದೋ?" ಎಂದ ಅಣ್ಣ. 50 ಲಕ್ಷದ ಸಾಲವನ್ನು ಶೇಕಡಾ 10ರ ಬಡ್ಡಿಯಲ್ಲಿ 15 ವರ್ಷಗಳಲ್ಲಿ ತೀರಿಸುವುದಾದರೆ, ಓದುವ ಕಾಲದ ಬಡ್ಡಿಯನ್ನು ಆಗಾಗಲೇ ಕಟ್ಟಿದರೂ, ತಿಂಗಳ ಕಂತು 53 ಸಾವಿರಕ್ಕೂ ಮಿಕ್ಕು. ವರ್ಷಕ್ಕೆ ಆರೂವರೆ ಲಕ್ಷಕ್ಕೆ ಸಮೀಪ. 10 ಸಾವಿರದ ಬೆಲೆಯಲ್ಲಿ ಅದು 65 ಚೀಲ. ನಾನು ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ತಿರುವಿ, ನಾಲ್ಕೈದು ವರ್ಷಗಳ ಕೆಳಗೆ ಅದೇ ಚೀಲವನ್ನು ನಾವು ಮೂರೂವರೆ ಸಾವಿರದ ಆಸುಪಾಸಿನಲ್ಲಿ ಕೊಟ್ಟ ಪುಟವನ್ನು ತೋರಿಸಿದೆ. ಆ ಬೆಲೆಯಲ್ಲಿ ಅದೇ ಕಂತಿಗೆ 184 ಚೀಲ ಬೇಕು, ಅದೂ ಕೂಲಿ ಗೊಬ್ಬರಗಳ ಖರ್ಚನ್ನು ಕಳೆಯದೆ. ಮೊದಲನೆಯ ಸಂಖ್ಯೆ ಅಣ್ಣನ ಪಾಲಿನ ಫಸಲಿನೊಳಗೆ ಅಡಗುತ್ತಿತ್ತು. ಎರಡನೆಯದು ಇಡೀ ಫಸಲನ್ನೇ ಮೀರುತ್ತಿತ್ತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಬೆಟ್ಟ ಜರಿದಾಗ ತೋಟವನ್ನೇ ಕಳೆದುಕೊಂಡವರನ್ನು ಕಂಡಿದ್ದ ಅಣ್ಣನಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ.

ಸಾಲದ ಇನ್ನೊಂದು ತೊಡಕು ಕೊಡಗಿಗೇ ವಿಶಿಷ್ಟವಾದುದು. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಅಡವು ಕೇಳುವುದಿಲ್ಲ. ಅದಕ್ಕೆ ಮೇಲ್ಪಟ್ಟರೆ ಆಸ್ತಿ ತೋರಿಸಬೇಕು. ನಮ್ಮದು ಒಕ್ಕಕ್ಕೆ, ಎಂದರೆ ಇಡೀ ಮನೆತನಕ್ಕೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿ. ಪಹಣಿಯಲ್ಲಿ ಪಟ್ಟೇದಾರರೊಡನೆ ಒಕ್ಕದ ಇತರರ ಹೆಸರುಗಳೂ ಇರುವುದರಿಂದ, ಒಬ್ಬಳ ವಿದ್ಯೆಯ ಸಲುವಾಗಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಇರುವ ಪಾಲುದಾರರೆಲ್ಲರೂ ಸಹಿ ಹಾಕಬೇಕು. ನನ್ನ ಸಹಿ ಹಾಕಲು ನಾನು ಸಿದ್ಧನಿದ್ದೆ. ಆದರೆ ಕಂತು ತಪ್ಪಿದ ದಿನ ಅದರ ಹೊರೆ, ಸೀಟಿನ ಮಾತನ್ನೇ ಕೇಳದಿದ್ದ ಮನೆಗಳ ಮೇಲೆಯೂ ಬೀಳುತ್ತದೆಂಬುದನ್ನು ಹಿರಿಯನಾಗಿ ನಾನು ಹೇಳಲೇಬೇಕಾಯಿತು.

ಹಾಗೆಂದು ಅರ್ಜಿಯನ್ನೇ ಹಾಕಬಾರದೆಂದು ನಾನು ಹೇಳಲಿಲ್ಲ. ಅರ್ಜಿಯ ಖರ್ಚು ಅಲ್ಪ. ಕುಟುಂಬವನ್ನು ಕಟ್ಟಿಹಾಕುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ, ಎಂದರೆ ಬೇಕಾದ ಕಾಲೇಜುಗಳ ಪಟ್ಟಿಯನ್ನು ಬರೆದುಕೊಡುವುದು. ಪಟ್ಟಿಯಲ್ಲಿ ಬರೆದ ಕಾಲೇಜು ಕೊನೆಯ ಸುತ್ತುಗಳಲ್ಲಿ ಹಂಚಿಕೆಯಾದ ಮೇಲೆ ಹಿಂದೆ ಸರಿದರೆ ಕಟ್ಟಿದ ಹಣಕ್ಕೆ ಅಪಾಯವುಂಟು. ಆದುದರಿಂದ ವರ್ಷದ ಶುಲ್ಕ ಎರಡು ಲಕ್ಷವನ್ನು ಮೀರಿದ ಯಾವ ಸೀಟನ್ನೂ ಬರೆಯತಕ್ಕದ್ದಲ್ಲವೆಂದು ಅಣ್ಣ, ಆತನ ಮಗಳು, ನಾನು ಮೂವರೂ ಸೇರಿ ಮೊದಲೇ ಗೊತ್ತುಮಾಡಿದೆವು. ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದ್ದ ಆಕೆಗೆ ಶೇಕಡಾ 15ರ ಗ್ರಾಮೀಣ ಮೀಸಲಾತಿಯ ದಾಖಲೆಗಳನ್ನು ಒದಗಿಸಿಕೊಟ್ಟೆವು.

"ಸಿಗೋಲ್ಲ ಅಂತ ಗೊತ್ತಿದ್ದೂ ತುಂಬಲಾ, ಚಿಕ್ಕಪ್ಪ?" ಎಂದು ಕೇಳಿದಳು.

"ತುಂಬಮ್ಮ. ಸಿಕ್ಕಿದರೆ ಓದಿಸುವುದಕ್ಕೆ ನಾವಿದ್ದೇವೆ," ಎಂದೆ. ಆ ಮಾತಿನ ಬೆಲೆ ಎಷ್ಟೆಂಬುದನ್ನು ಲೆಕ್ಕ ಹಾಕಿಯೇ ಆಡಿದ್ದೆನಾದುದರಿಂದ ಅದನ್ನು ಆಡುವಾಗ ನನಗೆ ಅಳುಕಿರಲಿಲ್ಲ.

ಸೀಟು ಸಿಗಲಿಲ್ಲ. ಅಷ್ಟರಲ್ಲಿ ದಲ್ಲಾಳಿಯೊಬ್ಬನಿಂದ ಅಣ್ಣನಿಗೆ ಫೋನು ಬಂದಿತು: ಸೀಟು ಇದೆ, ರಶೀದಿಯಿಲ್ಲದ ಹಣವನ್ನು ಮೊದಲೇ ಕೊಡಬೇಕು. ಇಂಥ ಕ್ಯಾಪಿಟೇಷನ್ ಶುಲ್ಕವನ್ನು ನಮ್ಮ ರಾಜ್ಯ 1984ರಲ್ಲಿಯೇ ಶಾಸನದಿಂದ ನಿಷೇಧಿಸಿದೆ. 1992ರಲ್ಲಿ ಕರ್ನಾಟಕದಿಂದಲೇ ಹೋದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಖಂಡಿಸಿದೆ. ಆದರೂ ಆ ದನಿ ಕಾಫಿಯ ಬೆಲೆ ಏರಿದ ವರ್ಷ ತೋಟದ ಮನೆಗಳನ್ನು ಹುಡುಕಿಕೊಂಡು ಬರುತ್ತದೆ. ಅಣ್ಣ ಎರಡು ಲಕ್ಷದ ನಮ್ಮ ಮಿತಿಯನ್ನು ತಿಳಿಸಿದ. ಆ ಕಡೆಯವನು ಫೋನನ್ನು ಇಟ್ಟ.

ಮೊದಲೇ ಬರೆದಿದ್ದ ಸಿಇಟಿಯ ಮೂಲಕ, ಕೃಷಿಕರ ಮಕ್ಕಳ ಕೋಟಾದಲ್ಲಿ, ಆಕೆ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯವನ್ನು ಸೇರಿದಳು. ಮೊದಲ ವರ್ಷದ ಶುಲ್ಕವನ್ನು ಮನೆಯಲ್ಲಿ ಉಳಿಸಿಟ್ಟಿದ್ದ ಕಾಳುಮೆಣಸನ್ನು ಮಾರಿದ ಹಣದಿಂದಲೇ ಕಟ್ಟಿದೆವು. ನೀಟನ್ನು ಮತ್ತೊಮ್ಮೆ ಬರೆಯುವ ಮನಸ್ಸು ಆಕೆಗಿದೆ. ಬರೆದರೂ ಆ ಎರಡು ಲಕ್ಷದ ಮಿತಿಯನ್ನು ನಾವು ಬದಲಿಸುವುದಿಲ್ಲವೆಂದು ಆಕೆಗೆ ತಿಳಿಸಿದ್ದೇವೆ.