ಕಡೆಯುವ ಉಳಿಗಳು: ಐದು ಸಾಕು, ಸಾಣೆ ಬೇಕು

ಲೇತಿಗೆ ಮರವನ್ನು ಕಟ್ಟಿ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವುದಕ್ಕೆ ನಮ್ಮ ಭಾಷೆಯಲ್ಲಿ ಕಡೆಯುವುದೆಂದು ಹೆಸರು. ಮಜ್ಜಿಗೆಗೂ ಅದೇ ಮಾತು, ಮರಕ್ಕೂ ಅದೇ ಮಾತು. ಬೇಲೂರು, ಹಳೇಬೀಡುಗಳಲ್ಲಿ ಹನ್ನೆರಡನೆಯ ಶತಮಾನದ ಶಿಲ್ಪಿಗಳು ಬಳಪದ ಕಲ್ಲಿನ ಕಂಬಗಳನ್ನು ಕಡೆದು ನಿಲ್ಲಿಸಿದರು. ಚನ್ನಪಟ್ಟಣದವರು ಇಂದಿಗೂ ಹಾಲೆ ಮರವನ್ನು ಕಡೆದು ಬೊಂಬೆ ಮಾಡುವರು. ಆದ್ದರಿಂದ ಈ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ.

ನಮ್ಮ ವಾಚಕರಲ್ಲಿ ಭೋಸರಿ, ಪಿಂಪ್ರಿ, ಹಡಪಸರಗಳ ಕಾರ್ಖಾನೆಗಳಲ್ಲಿ ದುಡಿಯುವವರಿದ್ದಾರೆ. ಕಚೇರಿಯ ಗುಮಾಸ್ತರೂ ಇದ್ದಾರೆ. ರಜೆಯ ದಿನ ಮರದ ಪೆನ್ನು, ಲಟ್ಟಣಿಗೆ, ಬುಗುರಿ ಮಾಡಲು ಕಲಿತು ನಾಲ್ಕು ಕಾಸು ಸಂಪಾದಿಸಬೇಕೆಂಬ ಆಸೆ ಹಲವರಿಗೆ ಉಂಟು. ಅವರು ಮೊದಲು ಎಡವುವುದು ಅಂಗಡಿಯ ಬಾಗಿಲಲ್ಲಿ. ಹತ್ತು ಹನ್ನೆರಡು ಉಳಿಗಳ ಪೆಟ್ಟಿಗೆ ಕಣ್ಣಿಗೆ ಚೆಂದ. ಆದರೆ ಊರಿಗೆ ಹಣ ಕಳಿಸಬೇಕಾದವನು ಸಂಬಳದ ಪಾಲನ್ನು ಅದಕ್ಕೆ ಸುರಿದರೆ, ಅರ್ಧ ಉಳಿಗಳು ಪೆಟ್ಟಿಗೆಯಲ್ಲಿಯೇ ತುಕ್ಕು ಹಿಡಿಯುವುವು. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದೇ ಈ ಪಾಠ. ಸೂತ್ರ ಒಂದೇ: ಕಡೆಯುವ ವಸ್ತುವಿನಲ್ಲಿ ನಾರು ಇದೆಯೇ, ಇದ್ದರೆ ಅದು ಯಾವ ದಿಕ್ಕಿಗೆ ಓಡಿದೆ ಎಂಬುದನ್ನು ನೋಡಿ ಉಳಿಯನ್ನು ಆರಿಸಬೇಕು.

1. ಕಬ್ಬಿಣದ ಲೇತು, ಮರದ ಲೇತು

1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಹೆಸರು ಯಂತ್ರಕೆಲಸದವರಿಗೆ ಗೊತ್ತು. ಆ ಕಾರ್ಖಾನೆ ಮುಚ್ಚಿಹೋಗಿದೆ, ಅದರ ಖ್ಯಾತಿ ಉಳಿದಿದೆ. ಅಂತಹ ಲೇತಿನಲ್ಲಿ ಟೂಲನ್ನು ಯಂತ್ರವೇ ಬಿಗಿಹಿಡಿಯುವುದು; ಕೆಲಸಗಾರ ಚಕ್ರ ತಿರುಗಿಸಿ ಅದನ್ನು ಮುಂದೊತ್ತುವನು. ಮರದ ಲೇತಿನಲ್ಲಿ ಹಾಗಲ್ಲ. ಉಳಿ ಒಂದು ಆಸರೆಯ ಮೇಲೆ ಒರಗುವುದು, ಹಿಡಿತವೆಲ್ಲ ಕೈಯದು. ಆದ್ದರಿಂದಲೇ ಇದರ ಉಳಿಗಳಿಗೆ ಉದ್ದನೆಯ ಹಿಡಿ. ಹಿಡಿ ಉದ್ದವಾದಷ್ಟೂ ಮರದ ಎಳೆತವನ್ನು ತಡೆಯುವುದು ಸುಲಭ. ಬಡಗಿಯ ಗಿಡ್ಡ ಉಳಿಯನ್ನು ಲೇತಿಗೆ ಒಡ್ಡಬಾರದು.

2. ಐದು ಉಳಿಗಳು

ಮೊದಲನೆಯದು ಒರಟು ಗೌಜ್. ಅರ್ಧ ಕೊಳವೆಯಂತಿರುವ ಅಗಲವಾದ ಉಳಿ. ಚೌಕ ತುಂಡಿನ ಮೂಲೆ ಹೊಡೆದು ದುಂಡಗೆ ಮಾಡಲು ಇದೇ. ಬಾಯಿಯ ಓರೆ ಸುಮಾರು 45 ಡಿಗ್ರಿ ಇರಲಿ.

ಎರಡನೆಯದು ಸಣ್ಣ ಗೌಜ್, 10ರಿಂದ 12 ಮಿಲಿಮೀಟರ್ ಅಗಲದ್ದು. ಹಳ್ಳ, ಮಣಿ, ಬಳುಕುಗಳಿಗೆ ಬೇಕು.

ಮೂರನೆಯದು ಓರೆಬಾಯಿಯ ಉಳಿ, ಸ್ಕ್ಯೂ ಎನ್ನುವರು. ಚಪ್ಪಟೆಯ ಉಳಿಗೆ ಎರಡೂ ಮುಖದಲ್ಲಿ ಸಾಣೆ, ತುದಿ ಓರೆ. ನುರಿತ ಕೈಯಲ್ಲಿ ಇದು ಮರಳುಕಾಗದ ಬೇಡವೆನ್ನುವಷ್ಟು ನುಣುಪು ಕೊಡುವುದು. ಅಲಗಿನ ನಡುಭಾಗದಿಂದಲೇ ಕೊಯ್ಯಬೇಕು; ಮೇಲಿನ ಚೂಪು ಮೂಲೆ ಮರಕ್ಕೆ ತಾಗಿದರೆ ಉಳಿ ಒಳಕ್ಕೆ ಕಚ್ಚಿಕೊಂಡು ಕೆಲಸ ಕೆಡುವುದು. ಕಲಿಯಲು ಕಷ್ಟ, ಕಲಿತ ಮೇಲೆ ಬಿಡಲೂ ಕಷ್ಟ.

ನಾಲ್ಕನೆಯದು ಪಾರ್ಟಿಂಗ್ ಟೂಲ್, 3 ಮಿಲಿಮೀಟರ್ ದಪ್ಪದ ಕಿರಿದಾದ ಉಳಿ. ಅಳತೆಯ ಗಾಡಿ ಮಾಡಲು, ಮುಗಿದ ತುಂಡನ್ನು ಬೇರ್ಪಡಿಸಲು.

ಐದನೆಯದು ಕೆರೆಯುವ ಉಳಿ. ತುದಿ ದುಂಡು, ಓರೆ ಮೊಂಡು, ಸುಮಾರು 70ರಿಂದ 80 ಡಿಗ್ರಿ. ಸಾಣೆ ಹಿಡಿದಾಗ ಅಂಚಿನಲ್ಲಿ ಏಳುವ ಸೂಕ್ಷ್ಮವಾದ ಬರ್ ಕೆರೆಯುವ ಕೆಲಸ ಮಾಡುವುದು. ಇದರ ತುದಿ ಯಾವಾಗಲೂ ಕೊಂಚ ಕೆಳಮುಖವಾಗಿರಬೇಕು.

ಕೊಯ್ಯುವ ಉಳಿಗಳಿಗೆಲ್ಲ ಒಂದೇ ನಿಯಮ: ಮೊದಲು ಬೆನ್ನು, ಆಮೇಲೆ ಬಾಯಿ. ಓರೆಯ ಹಿಂಭಾಗವನ್ನು ತಿರುಗುವ ಮರಕ್ಕೆ ತಾಗಿಸಿ, ಸುರುಳಿ ಏಳುವವರೆಗೆ ಹಿಡಿಯನ್ನು ಮೆಲ್ಲಗೆ ಎತ್ತಬೇಕು. ಕಂಬದಂತಹ ತುಂಡಿನಲ್ಲಿ ದಪ್ಪದಿಂದ ಸಣ್ಣದರ ಕಡೆಗೆ ಇಳಿಯಬೇಕು. ಆಗ ಪ್ರತಿ ನಾರಿಗೂ ಅಡಿಯಲ್ಲಿ ಇನ್ನೊಂದು ನಾರಿನ ಆಸರೆ ಇರುವುದರಿಂದ ಮರ ಸಿಗಿಯುವುದಿಲ್ಲ. ಬಟ್ಟಲು ಕಡೆಯುವಾಗ ನಾರು ಅಡ್ಡವಾಗಿ ನಿಲ್ಲುವುದು. ಅಲ್ಲಿ ಒರಟು ಗೌಜ್ ಹಾಗೂ ಓರೆಬಾಯಿಯ ಉಳಿ ಹಿಡಿಯುವುದು ಅಪಾಯ. ಅದಕ್ಕೆ ಬಟ್ಟಲಿನ ಗೌಜ್ ಬೇರೆಯೇ ಇದೆ. ಪೆನ್ನು ಮಾಡುವವರಿಗೆ ಅದು ಬೇಡ.

3. ಪೆನ್ನಿನ ಲೆಕ್ಕ

ಮರದ ಬಾಲ್‌ಪೆನ್ನಿಗೆ ಸುಮಾರು 18ರಿಂದ 20 ಮಿಲಿಮೀಟರ್ ಚೌಕದ ತುಂಡು ಸಾಕು. ಸಣ್ಣ ಜಾತಿಯ ಪೆನ್ನಿಗೆ ನಡುವೆ 7 ಮಿಲಿಮೀಟರ್ ರಂಧ್ರ ಕೊರೆದು, ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ಸರಳಿಗೆ ಪೋಣಿಸಿ ಕಡೆಯುವರು. ಇಲ್ಲಿ ಒರಟು ಗೌಜ್, ಓರೆಬಾಯಿಯ ಉಳಿ ಎರಡರಿಂದಲೇ ಕೆಲಸ ಮುಗಿಯುವುದು. ಬೀಟೆ, ಹಾಲೆ ಚೆನ್ನಾಗಿ ಕೊಯ್ಯಿಸಿಕೊಳ್ಳುವುವು. ತೇಗದಲ್ಲಿ ಮರಳಿನ ಅಂಶವಿರುವುದರಿಂದ ಉಳಿ ಬೇಗ ಮೊಂಡಾಗುವುದು.

ಎಬೊನೈಟಿನ ಮಾತು ಬೇರೆ. ರಬ್ಬರಿಗೆ ಗಂಧಕವನ್ನು ಹೆಚ್ಚಾಗಿ ಬೆರೆಸಿ ಬೇಯಿಸಿ ಗಟ್ಟಿಮಾಡಿದ ವಸ್ತು ಅದು. ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನುಗಳನ್ನು ಎಬೊನೈಟಿನಿಂದ ಕೈಯಿಂದಲೇ ಕಡೆಯುವರು. ಕೆ. ವಿ. ರತ್ನಂ ಅವರ ಸ್ವದೇಶಿ ಪೆನ್ನನ್ನು ಮೆಚ್ಚಿ 1935ರಲ್ಲಿ ಗಾಂಧೀಜಿಯವರು ಪತ್ರ ಬರೆದರು. ಎಬೊನೈಟಿನಲ್ಲಿ ನಾರಿಲ್ಲ. ಆದ್ದರಿಂದ ಬೆನ್ನು ಒರಗಿಸಿ ಕೊಯ್ಯುವುದಕ್ಕಿಂತ, ಹರಿತವಾದ ಕೆರೆಯುವ ಉಳಿಯಿಂದ ಸ್ವಲ್ಪಸ್ವಲ್ಪವಾಗಿ ತೆಗೆಯುವುದು ಹೊಸಬರಿಗೆ ಕ್ಷೇಮ. ಅಕ್ರಿಲಿಕ್ ಸರಳಿಗೂ ಇದೇ ಕ್ರಮ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಕೂರುವುದು. ಅಲ್ಲಿ ಉಪಕಾರ ಮಾಡುವ ಆ ಬಿಸಿಯೇ ಇಲ್ಲಿ ಶತ್ರು: ಎಬೊನೈಟ್ ಮೆತ್ತಗಾಗಿ ಗಂಧಕದ ವಾಸನೆ ಬಂದರೆ ಕೈ ತಡೆಯಬೇಕು.

4. ಉಕ್ಕು ಮತ್ತು ಸಾಣೆ

ಪುಣೆಯಲ್ಲಿ ಉಪಕರಣಗಳಿಗೆ ರವಿವಾರ ಪೇಠೆಯ ಬೋಹರಿ ಆಳಿ ಹೆಸರಾದುದು. ಮರಾಠಿಯಲ್ಲಿ ಉಳಿಗೆ ಪಟಾಶಿ, ಅರಕ್ಕೆ ಕಾನಸ ಎನ್ನುವರು. ಆದರೆ ಪಟಾಶಿ ಎಂದಷ್ಟೇ ಕೇಳಿದರೆ ಬಡಗಿಯ ಉಳಿ ಕೊಡುವರು; ಮರದ ಲೇತಿನದು ಎಂದು ಬಿಡಿಸಿ ಹೇಳಬೇಕು.

ಹಳೆಯ ಉಳಿ ಅಗ್ಗಕ್ಕೆ ಸಿಕ್ಕರೆ ಉಕ್ಕಿನ ಜಾತಿ ತಿಳಿಯುವ ಉಪಾಯವುಂಟು. ಸಾಣೆಚಕ್ರಕ್ಕೆ ತುಸು ತಾಗಿಸಿದಾಗ ಬಿಳಿಯ ಕಿಡಿಗಳು ಹೂಬಾಣದಂತೆ ಒಡೆದು ಚದರಿದರೆ ಅದು ಇಂಗಾಲದ ಉಕ್ಕು. ಮಂಕಾದ ಕೆಂಪು ಕಿಡಿಗಳು ವಿರಳವಾಗಿ ಬಂದರೆ ಹೈಸ್ಪೀಡ್ ಉಕ್ಕು. ಇಂಗಾಲದ ಉಕ್ಕು ಸಾಣೆಯಲ್ಲಿ ನೀಲಿಗಟ್ಟಿದರೆ ಅದರ ಗಡಸು ಹೋಯಿತೆಂದೇ ಅರ್ಥ. ಅದನ್ನು ಪದೇಪದೇ ನೀರಿಗೆ ಅದ್ದುತ್ತಿರಬೇಕು. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಅವರು ತೋರಿಸಿದ ಹೈಸ್ಪೀಡ್ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೂ ಗಡಸನ್ನು ಬಿಡದು. ಬೆಲೆ ಹೆಚ್ಚಾದರೂ ಹೆಚ್ಚು ಬಳಸುವ ಉಳಿಗಳನ್ನು ಇದರಲ್ಲಿಯೇ ಕೊಳ್ಳುವುದು ಲಾಭ.

ಕಾರ್ಖಾನೆಯವರು ವಿಡಿಯಾ ಎನ್ನುವ ಕಾರ್ಬೈಡ್ ತುಂಡನ್ನು ತುದಿಗೆ ಕೂರಿಸಿದ ಉಳಿಗಳೂ ಬಂದಿವೆ. ಜರ್ಮನಿಯ ಕ್ರುಪ್ ಕಂಪನಿ 1926ರಲ್ಲಿ ಆ ಹೆಸರನ್ನಿಟ್ಟಿತು. ವಜ್ರದಂತೆ ಎಂಬುದು ಅದರ ಅರ್ಥ. ಸಾಣೆ ಹಿಡಿಯುವ ಶ್ರಮವಿಲ್ಲ, ಮೊಂಡಾದರೆ ತುಂಡನ್ನು ತಿರುಗಿಸಿ ಬಿಗಿದರಾಯಿತು. ಅಕ್ರಿಲಿಕ್ಕಿಗೆ ಒಳ್ಳೆಯದು. ಆದರೆ ಅದು ಸಾಮಾನ್ಯವಾಗಿ ಕೆರೆಯುವ ಉಳಿಯೇ. ಮೆತ್ತನೆಯ ಮರದಲ್ಲಿ ನಾರೆಬ್ಬಿಸುವುದು.

ಒಂದು ಎಚ್ಚರಿಕೆ. ಹಳೆಯ ಅರವನ್ನು ಮಸೆದು ಉಳಿ ಮಾಡುವ ರೂಢಿ ಕೆಲವರಲ್ಲಿದೆ. ಅರದ ಉಕ್ಕು ಬಹಳ ಗಡಸು, ಆದ್ದರಿಂದ ಬಿರುಸು. ಮರ ಕಚ್ಚಿದೊಡನೆ ಮುರಿದು ಮುಖಕ್ಕೆ ಸಿಡಿಯಬಹುದು. ಉಳಿಸಿದ ಹತ್ತು ರೂಪಾಯಿಗೆ ಕಣ್ಣು ತೆರಬಾರದು.

5. ಮೊದಲ ಅಭ್ಯಾಸ

ಹಣ ಕಡಿಮೆಯಿದ್ದರೆ ಕೊಳ್ಳುವ ಕ್ರಮ ಹೀಗಿರಲಿ: ಮೊದಲು ಸಾಣೆಗೆ ಏರ್ಪಾಡು, ಕಣ್ಣಿಗೆ ಕನ್ನಡಕ, ಬಳಿಕ ಒರಟು ಗೌಜ್, ಪಾರ್ಟಿಂಗ್ ಟೂಲ್, ಓರೆಬಾಯಿಯ ಉಳಿ, ಸಣ್ಣ ಗೌಜ್, ಕೆರೆಯುವ ಉಳಿ ಆಮೇಲೆ. ಮೊಂಡಾದ ಹತ್ತು ಉಳಿಗಳಿಗಿಂತ ಹರಿತವಾದ ಒಂದು ಉಳಿ ಮೇಲು.

ಲೇತು ಹಾಕುವ ಮೊದಲು ಆಸರೆಯನ್ನು ಮರದ ಹತ್ತಿರಕ್ಕೆ ತಂದು, ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲಿಯೂ ತಾಗದೆಂದು ನೋಡಬೇಕು. ತೋಳನ್ನು ಮಡಿಸಬೇಕು, ಪಂಚೆಯ ಸೆರಗು, ಶಾಲು ದೂರವಿರಲಿ. ಕೈಗವಸು ಬೇಡ, ಅದನ್ನು ಮರ ಎಳೆದುಕೊಳ್ಳುವುದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು.

ಎರಡಂಗುಲ ಚೌಕದ, ಒಂದಡಿ ಉದ್ದದ ಬೆಲೆಯಿಲ್ಲದ ಮರದ ತುಂಡನ್ನು ತೆಗೆದುಕೊಳ್ಳಿ. ನಿಮಿಷಕ್ಕೆ 600ರಿಂದ 800 ಸುತ್ತಿನ ವೇಗದಲ್ಲಿ ದುಂಡಗೆ ಮಾಡಿ. ಅಂಗುಲಕ್ಕೊಂದರಂತೆ ಗಾಡಿ ಹಾಕಿ, ಓರೆಬಾಯಿಯ ಉಳಿಯಿಂದ ಮಣಿ ತಿರುವಿ. ಉದ್ದನೆಯ ಸುರುಳಿ ಬಂದರೆ ಕೈ ಸರಿಯಾಗಿದೆ. ಬರಿಯ ಪುಡಿ ಬಂದರೆ ಉಳಿಗೆ ಸಾಣೆ ಬೇಕು, ಇಲ್ಲವೇ ಬೆನ್ನು ಮರಕ್ಕೆ ತಾಗಿಲ್ಲ. ಇಂತಹ ಹತ್ತು ತುಂಡುಗಳು ಸೌದೆಯ ಪಾಲಾದ ಮೇಲೆ ಪೆನ್ನಿನ ಮರಕ್ಕೆ ಕೈ ಹಾಕಬಹುದು.